ಹೋಂಸ್ಟೇ ಬುಕ್ ಮಾಡುವಾಗ ಬೆಕ್ಕಿನ ಬಗ್ಗೆ ಹೀಗೆ ಕೇಳಿ

ಡಿಸೆಂಬರ್ 30ರ ರಾತ್ರಿ. ಚಿಕ್ಕಮಗಳೂರಿನ ಹತ್ತಿರ ಒಂದು ತೋಟದ ಮನೆ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಶಾಲು ಹೊದ್ದು ಕೂತಿದ್ದೆ. ಮೂಗು ಪೂರ್ತಿ ಕಟ್ಟಿತ್ತು, ಕಣ್ಣು ಉರಿಯುತ್ತಿತ್ತು. ಒಳಗೆ 4,500 ರೂಪಾಯಿ ಕೊಟ್ಟ ಕೋಣೆ ಖಾಲಿ ಬಿದ್ದಿತ್ತು.

ನನಗೆ ಬೆಕ್ಕಿನ ಅಲರ್ಜಿ. ಬುಕ್ ಮಾಡುವಾಗ ಫೋನಿನಲ್ಲಿ ಕೇಳಿದ್ದೆ. "ಬೆಕ್ಕಿದೆ ಮೇಡಂ, ಆದ್ರೆ ಗೆಸ್ಟ್ ಇರುವಾಗ ರೂಮಿಗೆ ಬಿಡಲ್ಲ" ಅಂದಿದ್ದರು. ಮರುದಿನ ಬೆಳಿಗ್ಗೆ ಆ ಮನೆಯ ಪುಟ್ಟ ಹುಡುಗಿ ಹೇಳಿದಳು, "ಮಳೆಗಾಲ ಪೂರ್ತಿ ಅದು ಈ ಮಂಚದ ಮೇಲೇ ಮಲಗ್ತಿತ್ತು ಆಂಟಿ."

ತೊಂದರೆ ಇರುವುದು ಇಲ್ಲೇ. ಅಲರ್ಜಿ ಬರುವುದು ಬೆಕ್ಕಿನ ಕೂದಲಿನಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾಗಿ ಅದರ ಎಂಜಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನ್ ಕಾರಣ. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೂ ಹತ್ತುತ್ತದೆ. ಆ ಪ್ರೋಟೀನ್ ಹಾಸಿಗೆ, ಪರದೆ, ಸೋಫಾಕ್ಕೆ ಅಂಟಿದರೆ ಬೆಕ್ಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ "ಬೆಕ್ಕು ರೂಮಿಗೆ ಬರುತ್ತಾ?" ಅಂತ ಕೇಳಿದರೆ ಸಾಲದು. "ಈ ವರ್ಷ ಯಾವಾಗಲಾದರೂ ಆ ರೂಮಿನಲ್ಲಿ ಬೆಕ್ಕು ಮಲಗಿತ್ತಾ?" ಅಂತಲೇ ಕೇಳಿ.

ಕಣದಲ್ಲಿ ಕೂತು ಆ ವರ್ಷದ ಪ್ರವಾಸಗಳನ್ನೆಲ್ಲ ನೆನೆಸಿಕೊಂಡೆ. ಸಕಲೇಶಪುರ, ಆಮೇಲೆ ಮಡಿಕೇರಿ. ಎರಡೂ ಕಡೆ ಮನೆಯಲ್ಲಿ ಬೆಕ್ಕಿತ್ತು. ಎರಡೂ ಕಡೆ "ಹವೆ ಬದಲಾಗಿ ನೆಗಡಿ" ಅಂತ ಹೇಳಿ ಸುಮ್ನಿದ್ದೆ. ಪ್ರೀತಿಯಿಂದ ಬಡಿಸುವವರ ಮುಂದೆ ಅವರ ಬೆಕ್ಕಿನ ಬಗ್ಗೆ ದೂರುವುದು ಹೇಗೆ ಅಂತ ಸಂಕೋಚ. ಆ ಸಂಕೋಚದಲ್ಲೇ ಎರಡು ಪ್ರವಾಸ ಹಾಳಾಗಿದ್ದವು.

31ರ ಬೆಳಿಗ್ಗೆ ಪೇಟೆಗೆ ಬಂದೆವು. ಮಾರ್ಕೆಟ್ ಹತ್ತಿರ ನಾಲ್ಕೇ ಬೆಂಚಿನ ಒಂದು ಹೋಟೆಲು. ಹೆಂಚಿನಿಂದ ನೇರ ಎಲೆಗೆ ಬೀಳುವ ಅಕ್ಕಿ ರೊಟ್ಟಿ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ನನ್ನ ಮುಖ ನೋಡಿದ ಅಜ್ಜಿ, ಕೇಳದೇ ಒಂದು ಲೋಟ ಮೆಣಸಿನ ಸಾರು ತಂದಿಟ್ಟರು. "ಬಿಸಿ ಇದ್ದಾಗ್ಲೇ ಕುಡಿ ಮಗಾ." ಎರಡನೇ ಲೋಟಕ್ಕೆ ಮೂಗು ಬಿಟ್ಟಿತು. ನಮ್ಮಿಬ್ಬರಿಗೂ ಸೇರಿ 140 ರೂಪಾಯಿ. ಮಧ್ಯಾಹ್ನವೂ ಅಲ್ಲೇ ಹೋದೆವು, ಮರುದಿನವೂ ಅಲ್ಲೇ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ನೆನಪಿರುವುದು ಆ ಸಾರು.

ರಾತ್ರಿ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್, 1,200 ರೂಪಾಯಿ. ಹನ್ನೆರಡರವರೆಗೆ ಹಾಡು, ಪಟಾಕಿ. ಗದ್ದಲ ನನಗೆ ತೊಂದರೆಯಲ್ಲ. ಟೈಲ್ಸ್ ನೆಲ, ಪ್ಲಾಸ್ಟಿಕ್ ಕುರ್ಚಿ, ಆಗ ತಾನೇ ಒಗೆದ ಹಾಸು. ನಮ್ಮಂಥವರಿಗೆ ಅಂಥ ಬೋಳು ಕೋಣೆಯೇ ಒಳ್ಳೆಯದು. ಮುಳ್ಳಯ್ಯನಗಿರಿಗೂ ಹೋಗಿದ್ದೆವು. ವರ್ಷದ ಕೊನೆಯಲ್ಲಿ ಅಲ್ಲಿ ವಾಹನಗಳ ಸಾಲು ತುಂಬಾ ಉದ್ದ. ಜನವರಿ ಎರಡನೇ ವಾರ ಹೋಗಿ.

ಸ್ವಂತ ಹಾಸು, ದಿಂಬಿನ ಕವರ್ ಒಯ್ಯಿರಿ. ತೋಟದಲ್ಲಿ ಓಡಾಡಿದ ಬಟ್ಟೆಯಲ್ಲೇ ಹಾಸಿಗೆ ಹತ್ತಬೇಡಿ. ಮೂಗಿಗೆ ಹಾಕುವ ಸ್ಟಿರಾಯ್ಡ್ ಸ್ಪ್ರೇ ಪೂರ್ತಿ ಕೆಲಸ ಮಾಡಲು ಕೆಲವು ದಿನ ಬೇಕು. ಹಾಗಾಗಿ ಹೊರಡುವ ಒಂದೆರಡು ವಾರ ಮೊದಲೇ ಡಾಕ್ಟರನ್ನು ಕೇಳಿ. ಅಲರ್ಜಿಗೆ ಕೊಡುವ ಸೆಟ್ರಿಜಿನ್ ಮಾತ್ರೆ ನುಂಗಿದರೆ ಕೆಲವರಿಗೆ ನಿದ್ದೆ ಎಳೆಯುತ್ತದೆ, ಘಾಟಿಯಲ್ಲಿ ಗಾಡಿ ಓಡಿಸಬೇಡಿ. ಎದೆಯಲ್ಲಿ ಸುಂಯ್‌ ಅಂತ ಸದ್ದು ಬಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಮಾರ್ಚಿನಲ್ಲಿ ತೀರ್ಥಹಳ್ಳಿಗೆ ಹೋಗುವುದಿದೆ. ಮೊನ್ನೆ ಫೋನ್ ಮಾಡಿ ನೇರವಾಗಿ ಕೇಳಿದೆ. ಆ ಮನೆಯಮ್ಮ ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಮಹಡಿ ರೂಮು ತಗೊಳ್ಳಿ, ಅಲ್ಲಿಗೆ ನಮ್ಮ ಬೆಕ್ಕು ಹತ್ತೇ ಇಲ್ಲ" ಅಂದರು.