ನಂಬರ್ ಇಲ್ಲದ ಕೋವಿ ತಗೊಂಡು ರೇಂಜಿಗೆ ಹೋದ ಶನಿವಾರ

ಮೊನ್ನೆ ಊರಿಂದ ತಮ್ಮ ಫೋನ್ ಮಾಡಿ, ಅಮೇರಿಕಾದಲ್ಲಿ ಮನೇಲೇ ಗನ್ ಮಾಡ್ಕೋಬಹುದಂತೆ ಹೌದಾ ಅಣ್ಣ, ಲೈಸೆನ್ಸೂ ಬೇಡ್ವಂತೆ ಅಂತ ಕೇಳ್ದ. ಹೌದು ಅಂದ್ರೂ ಪೂರ್ತಿ ಸರಿ ಅಲ್ಲ, ಇಲ್ಲ ಅಂದ್ರೂ ಸರಿ ಅಲ್ಲ. ಹೋದ ವರ್ಷ ಇದೇ ವಿಷಯದಲ್ಲಿ ನನ್ನ ಜೊತೆ ಕೆಲಸ ಮಾಡೋ ಒಬ್ಬ ಫ್ರೆಂಡ್ ದೊಡ್ಡ ಕೇಸಿಗೆ ಸಿಕ್ಕೊಳ್ಳೋದ್ರಲ್ಲಿದ್ದ, ನಾನೂ ಜೊತೇಲಿದ್ದೆ, ನಮ್ಮ ಜೊತೆ ದಾವಣಗೆರೆ ಹುಡುಗ ಒಬ್ಬ ಇದ್ದ, ಅವನಿಗೆ ಇನ್ನೂ ದೊಡ್ಡ ಅಪಾಯ ಇತ್ತು. ಇಲ್ಲಿಗೆ ಓದೋಕೆ, ಕೆಲಸಕ್ಕೆ ಅಂತ ಮಕ್ಕಳನ್ನ ಕಳಿಸಿರೋರು ಬಹಳ ಜನ ಇದೀರ, ಅದಕ್ಕೇ ಪೂರ್ತಿ ಬರೀತಿದೀನಿ.

ಫ್ರೆಂಡ್ ಇಲ್ಲಿಯವನೇ, ಹುಟ್ಟಿ ಬೆಳೆದಿದ್ದೆಲ್ಲ ಅರಿಜೋನಾದ ಫೀನಿಕ್ಸ್ ಹತ್ರ. 2019ರಲ್ಲಿ ಅಲ್ಲೇ ತನ್ನ ಗ್ಯಾರೇಜಲ್ಲಿ ಕಿಟ್ (ಬಿಡಿ ಭಾಗಗಳ ಸೆಟ್) ತಂದು ಒಂದು ರೈಫಲ್ ಜೋಡಿಸ್ಕೊಂಡಿದ್ದ. ಅಲ್ಲಿ ಅದು ತಪ್ಪಲ್ಲ. ಫೆಡರಲ್, ಅಂದ್ರೆ ಇಡೀ ದೇಶದ ಕಾನೂನು ಪ್ರಕಾರ ಗನ್ ಇಟ್ಕೊಳ್ಳೋ ಹಕ್ಕಿರೋನು, ಮಾರೋ ಉದ್ದೇಶ ಇಲ್ದೆ ಸ್ವಂತಕ್ಕೆ ಅಂತ ಮಾಡ್ಕೊಂಡ್ರೆ ಲೈಸೆನ್ಸ್ ಬೇಡ, ನಂಬರ್ ಕೆತ್ತಿಸ್ಬೇಕು ಅಂತಾನೂ ಇಲ್ಲ. ಆಮೇಲೆ ಕೆಲಸ ಚೇಂಜ್ ಮಾಡಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ, ಮನೆ ಸಾಮಾನಿನ ಜೊತೆ ಅದೂ ಬಂತು. ಬಂದು ನಾಲ್ಕು ತಿಂಗಳಾದ ಮೇಲೆ ಒಂದು ಶನಿವಾರ ಗುಡ್ಡದ ಕಡೆ ಇರೋ, ಗುರಿ ಇಟ್ಟು ಗುಂಡು ಹೊಡೆಯೋ ಪಬ್ಲಿಕ್ ರೇಂಜಿಗೆ ಹೋಗೋಣ ಅಂತ ಹೊರಟ್ವಿ. ನಾನು ಸಿಟಿಜನ್ ಆಗಿದೀನಿ, ನನ್ನ ಹತ್ರ ಅಂಗಡಿಯಿಂದ ಕಾನೂನು ಪ್ರಕಾರ ತಗೊಂಡ ಒಂದು ಇದೆ. ದಾವಣಗೆರೆ ಹುಡುಗ ಎಚ್-1ಬಿ ವೀಸಾ ಮೇಲಿರೋನು, ಒಂದ್ಸಲ ಹೊಡೆದು ನೋಡ್ತೀನಿ ಅಣ್ಣ ಅಂತ ಬಂದಿದ್ದ.

ರೇಂಜಲ್ಲಿ ಒಳಗೆ ಬಿಡೋ ಮುಂಚೆ ಒಂದು ಟೇಬಲ್ ಇರುತ್ತೆ. ಗನ್ ಖಾಲಿ ಇದೆ ಅಂತ ತೋರಿಸ್ಬೇಕು, ಚೇಂಬರಿಗೆ ಬಣ್ಣದ ಪ್ಲಾಸ್ಟಿಕ್ ಫ್ಲ್ಯಾಗ್ ಸಿಗಿಸಿರಬೇಕು. ಗುಂಡುಗಳಿಗೆ ಮ್ಯಾಗ್ನೆಟ್ ಹಿಡಿದು ನೋಡ್ತಾರೆ, ಉಕ್ಕಿನ ಗುಂಡು ಕಲ್ಲಿಗೆ ತಾಗಿ ಕಿಡಿ ಹಾರಿದ್ರೆ ಒಣಗಿರೋ ಹುಲ್ಲಿಗೆ ಬೆಂಕಿ, ಕ್ಯಾಲಿಫೋರ್ನಿಯಾದ ಬೇಸಿಗೆ ನೋಡಿದೋರಿಗೆ ಅದು ಅರ್ಥ ಆಗುತ್ತೆ. ಅಲ್ಲಿದ್ದ ಸೇಫ್ಟಿ ಆಫೀಸರ್ ವಯಸ್ಸಾದೋರು, ಬಹಳ ಮರ್ಯಾದೆಯಿಂದ ಮಾತಾಡೋರು. ನನ್ನದು ನೋಡಿ ಆಯ್ತು ಅಂದ್ರು. ಫ್ರೆಂಡ್‌ದು ತಿರುಗಿಸಿ ನೋಡಿದ್ರು, ಇನ್ನೊಂದು ಕಡೆ ತಿರುಗಿಸಿದ್ರು, ಇದರ ನಂಬರ್ ಎಲ್ಲಿದೆ ಅಂತ ಕೇಳಿದ್ರು. ನಾನೇ ಮಾಡಿದ್ದು ಅಂದ ಇವನು, ಹೆಮ್ಮೆಯಿಂದಲೇ ಅಂದ. ಅವರು ಅದನ್ನ ವಾಪಸ್ ಪೆಟ್ಟಿಗೆಗೆ ಹಾಕಿಸಿ ಬೀಗ ಹಾಕಿಸಿದ್ರು. ಇದನ್ನ ಇಲ್ಲಿ ಬಿಡೋಕಾಗಲ್ಲ, ಈ ರಾಜ್ಯದಲ್ಲಿ ಇದು ನಿನ್ನ ಹತ್ರ ಇರೋದೇ ಅಪರಾಧ, ಮೊದಲು ಲಾಯರಿಗೆ ಫೋನ್ ಮಾಡು ಅಂದ್ರು. ಅವನ ಮುಖ ಬಿಳಚಿಕೊಂಡಿತು.

ಇಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು ಅನ್ನೋದನ್ನ ನಾವು ಹೊರಗಿನಿಂದ ಬಂದೋರು ಮಾತ್ರ ಅಲ್ಲ, ಇಲ್ಲೇ ಹುಟ್ಟಿದೋರೂ ಮರೀತಾರೆ. ಕ್ಯಾಲಿಫೋರ್ನಿಯಾದಲ್ಲಿ 2018ರ ಜುಲೈಯಿಂದಲೇ, ಸ್ವಂತಕ್ಕೆ ಗನ್ ಮಾಡೋರು ಕೂಡ ಮೊದಲು ರಾಜ್ಯದ ನ್ಯಾಯ ಇಲಾಖೆಗೆ ಅರ್ಜಿ ಹಾಕಿ, ಹಿನ್ನೆಲೆ ಪರಿಶೀಲನೆ ಆಗಿ, ನಂಬರ್ ತಗೊಂಡು ಆಮೇಲೇ ಕೆಲಸ ಶುರು ಮಾಡ್ಬೇಕು. ಬೇರೆ ರಾಜ್ಯದಿಂದ ವಾಸಕ್ಕೆ ಬಂದೋರಿಗೆ 60 ದಿನ ಟೈಮ್. ಹಾಗೆ ಮಾಡಿದ ಗನ್ನನ್ನ ಇನ್ನೊಬ್ಬರಿಗೆ ಮಾರೋಹಾಗೂ ಇಲ್ಲ. 2022ರಲ್ಲಿ ಬಂದ ಇನ್ನೊಂದು ಕಾನೂನು ಪ್ರಕಾರ 2024ರ ಜನವರಿ 1ರ ನಂತರ ನಂಬರ್ ಇಲ್ಲದ ಗನ್ ಹತ್ರ ಇಟ್ಕೊಂಡಿರೋದೇ ಅಪರಾಧ. ಇವನು ಬಂದು ನಾಲ್ಕು ತಿಂಗಳು ಆಗಿತ್ತು. ಅದರ ಮೇಲೆ ಇನ್ನೊಂದು ತೊಂದರೆ, ನಂಬರ್ ಇದ್ದಿದ್ರೂ ಆ ರೈಫಲ್ ಆಕಾರವೇ ಇಲ್ಲಿ ನಡೆಯಲ್ಲ, ಗುಂಡು ತುಂಬೋ ಮ್ಯಾಗಜೀನ್ ಕಳಚೋ ಹಾಗಿದ್ದು ಜೊತೆಗೆ ಪಿಸ್ತೂಲಿನ ಥರ ಹಿಡಿ ಇದ್ರೆ ಅದು ಅಸಾಲ್ಟ್ ವೆಪನ್ ಲೆಕ್ಕಕ್ಕೆ ಬರುತ್ತೆ. ಅಂಗಡಿಯಲ್ಲಿ ಕೊಳ್ಳೋನಿಗೆ ಇದನ್ನೆಲ್ಲ ಅಂಗಡಿಯೋನೇ ನೋಡ್ಕೋತಾನೆ. ಮನೇಲಿ ಮಾಡ್ಕೊಂಡೋನಿಗೆ ಹೇಳೋರು ಯಾರೂ ಇಲ್ಲ, ಎಲ್ಲ ಅವನ ತಲೆ ಮೇಲೇ.

ನಂಬರಿಗೆ ಯಾಕಿಷ್ಟು ಅಂತ ಹುಡುಗ ಕಾರಲ್ಲಿ ವಾಪಸ್ ಬರ್ತಾ ಕೇಳ್ದ. ಒಂದು ಕೊಲೆ ಆದ ಜಾಗದಲ್ಲಿ ಗನ್ ಸಿಕ್ತು ಅಂದ್ಕೊಳ್ಳಿ. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಕೇಂದ್ರ ಸರ್ಕಾರದ ಒಂದು ಟ್ರೇಸಿಂಗ್ ಸೆಂಟರ್ ಇದೆ, ಅಲ್ಲಿಂದ ಆ ನಂಬರ್ ಹಿಡಿದು ಕಂಪನಿಗೆ ಕೇಳ್ತಾರೆ, ಕಂಪನಿಯಿಂದ ಡೀಲರಿಗೆ, ಡೀಲರ್ ಹತ್ರ ಇರೋ ಫಾರ್ಮಿಂದ ಮೊದಲು ಕೊಂಡವನ ಹೆಸರಿಗೆ ಹೋಗ್ತಾರೆ. ನಂಬರ್ ಇಲ್ದಿದ್ರೆ ಮೊದಲ ಹೆಜ್ಜೆಯಲ್ಲೇ ದಾರಿ ಮುಚ್ಚಿತು. 2017ರಲ್ಲಿ ಪೊಲೀಸರು ಪತ್ತೆಗೆ ಅಂತ ಕಳಿಸಿದ ಇಂಥ ಗನ್ ಸುಮಾರು 1,600, 2021ಕ್ಕೆ ಅದು 19,000 ದಾಟಿತು. ಇಲ್ಲಿಯ ಸಾಂಟಾ ಕ್ಲಾರಿಟಾದ ಸಾಗಸ್ ಹೈಸ್ಕೂಲಲ್ಲಿ 2019ರ ನವೆಂಬರ್ 14ರಂದು 16 ವರ್ಷದ ಹುಡುಗ ಇಬ್ಬರು ಮಕ್ಕಳನ್ನ ಕೊಂದ, ಅವನ ಕೈಲಿದ್ದಿದ್ದು ಕಿಟ್ ಜೋಡಿಸಿ ಮಾಡಿದ ನಂಬರ್ ಇಲ್ಲದ ಪಿಸ್ತೂಲು. ನನ್ನ ಮಗಳೂ ಈಗ ಹೈಸ್ಕೂಲು. ಅದಕ್ಕೇ 2022ರಲ್ಲಿ ಕಿಟ್ ಮಾರೋರಿಗೂ ಲೈಸೆನ್ಸ್, ನಂಬರ್, ಹಿನ್ನೆಲೆ ಪರಿಶೀಲನೆ ಬೇಕು ಅಂತ ಫೆಡರಲ್ ರೂಲ್ ಬಂದಾಗ ನನಗೆ ಸಮಾಧಾನ ಆಯ್ತು, 2025ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ 7-2ರಲ್ಲಿ ಆ ರೂಲನ್ನ ಎತ್ತಿ ಹಿಡಿದಾಗ ಇನ್ನೂ ಸಮಾಧಾನ ಆಯ್ತು.

ನಾನು ಬೆಳೆದಿದ್ದು ವಿರಾಜಪೇಟೆ ಹತ್ರ, ಕೋವಿ ನನಗೆ ಹೊಸದಲ್ಲ. ಪಕ್ಕದ ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲ ಮನೆ) ಕೈಲ್‌ಪೊಳ್ದ್, ಅಂದ್ರೆ ಕೊಡವರ ಆಯುಧ ಪೂಜೆ ಹಬ್ಬದ ದಿನ ಕೋವಿಗಳನ್ನ ತೊಳೆದು ಸಾಲಾಗಿ ಇಟ್ಟು ತೋಕ್ ಪೂ ಅನ್ನೋ ಹೂವು ಸಿಗಿಸಿ ಪೂಜೆ ಮಾಡ್ತಿದ್ರು, ನಾವು ಮಕ್ಕಳು ದೂರ ನಿಂತು ನೋಡ್ತಿದ್ವಿ. ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನ 2029ರ ತನಕ ಮುಂದುವರಿಸಿದೆ. ಆದ್ರೆ ವಿನಾಯಿತಿ ಅಂದ್ರೆ ಹೇಗ್ಬೇಕಾದ್ರೂ ಮಾಡ್ಕೊಳ್ಳಿ ಅಂತಲ್ಲ. ನಮ್ಮ 1959ರ ಆಯುಧ ಕಾಯ್ದೆಯ ಎಂಟನೇ ಸೆಕ್ಷನ್ನಲ್ಲೇ ಗುರುತು, ನಂಬರ್ ಇಲ್ಲದ ಕೋವಿ ಮಾರಬಾರ್ದು, ಇನ್ನೊಬ್ಬರಿಗೆ ಕೊಡಬಾರ್ದು ಅಂತ ಇದೆ. ಇನ್ನು ಲೈಸೆನ್ಸ್ ಇಲ್ದೆ ನಾಡ ಕೋವಿ ಮಾಡಿದ್ರೆ, 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 7 ವರ್ಷ, ಜೀವಾವಧಿ ತನಕ ಹೋಗಬಹುದು. ಆ ಮನೆಯ ಅಜ್ಜ ಕೋವಿಯನ್ನ ಮನೆಯೋರಲ್ಲಿ ಒಬ್ಬರ ಥರ ನೋಡ್ಕೊಂಡಿದ್ರು, ಯಾವುದು ಯಾರ ಹೆಸರಲ್ಲಿದೆ ಅನ್ನೋದನ್ನ ಬಾಯಲ್ಲೇ ಹೇಳೋರು. ಕೋವಿ ಮೇಲೆ ಪ್ರೀತಿ ಇರೋನು ಅದರ ಲೆಕ್ಕ ಕೊಡೋಕೆ ಹಿಂದೆಮುಂದೆ ನೋಡಲ್ಲ ಅಂತ ನಾನು ನಂಬಿರೋದು ಅವರನ್ನ ನೋಡಿಯೇ.

ಈಗ ಹುಡುಗನ ವಿಷಯ, ಇದನ್ನ ದಯವಿಟ್ಟು ನಿಮ್ಮ ಮಕ್ಕಳಿಗೆ ಹೇಳಿ. ಅವತ್ತು ಕೌಂಟರಲ್ಲಿ ಬಾಡಿಗೆ ಗನ್ ಫಾರ್ಮಲ್ಲಿ ವೀಸಾ ಅಂತ ಬರೆದಿದ್ದಕ್ಕೆ ಅವರು ಕೊಡಲ್ಲ ಅಂದಿದ್ರು. ಸರಿ ಬಾಡಿಗೆ ಬೇಡ, ನಿಮ್ಮದೇ ಎರಡು ಗುಂಡು ಹೊಡೀತೀನಿ ಅಣ್ಣ ಅಂದ. ನಾನು ಬೇಡ ಅಂದೆ. ಕೆಲಸದ ಎಚ್-1ಬಿ, ಓದೋಕೆ ಬರೋರ ಎಫ್-1, ಟೂರಿಸ್ಟ್ ವೀಸಾ, ಇವುಗಳ ಮೇಲೆ ಬಂದೋರು ಗನ್ನಾಗಲಿ ಗುಂಡಾಗಲಿ ಹತ್ರ ಇಟ್ಕೊಳ್ಳೋದನ್ನ ಫೆಡರಲ್ ಕಾನೂನೇ ತಡೀತದೆ, ರೇಂಜಲ್ಲಿ ಐದು ನಿಮಿಷ ಕೈಯಲ್ಲಿ ಹಿಡಿದ್ರೂ ಅದು ಪೊಸೆಷನ್ ಲೆಕ್ಕವೇ. ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ರೆ ವಿನಾಯಿತಿ ಉಂಟು, ಇಂಥ ಕೆಲವು ಬಿಟ್ರೆ ಇಲ್ಲ. 2022ರಿಂದ ಇದಕ್ಕೆ ಗರಿಷ್ಠ 15 ವರ್ಷ ಜೈಲು. ಗನ್ ಕೇಸಲ್ಲಿ ಶಿಕ್ಷೆ ಆದ್ರೆ ಗ್ರೀನ್ ಕಾರ್ಡ್ ಇದ್ದೋರನ್ನೂ ದೇಶದಿಂದ ಕಳಿಸಬಹುದು. ಇದು ಬರೀ ಪುಸ್ತಕದ ಮಾತಲ್ಲ, ಯುಎಇಯಿಂದ ಓದೋಕೆ ಬಂದಿದ್ದ ರಿಹೈಫ್ ಅನ್ನೋ ಹುಡುಗ, ಮಾರ್ಕ್ಸ್ ಕಮ್ಮಿ ಬಂದು ಫ್ಲೋರಿಡಾದ ಯೂನಿವರ್ಸಿಟಿ ತೆಗೆದು ಹಾಕಿದ ಮೇಲೆ, ವಾಪಸ್ ಹೋಗದೆ ಇದ್ದಾಗ ಒಂದು ರೇಂಜಿಗೆ ಹೋಗಿ ಎರಡು ಗನ್ ಹೊಡೆದ, ಅಷ್ಟಕ್ಕೇ ಕೇಸಾಗಿ 18 ತಿಂಗಳ ಶಿಕ್ಷೆ ಆಯ್ತು. ಅವನು ಸುಪ್ರೀಂ ಕೋರ್ಟ್ ತನಕ ಹೋದ, ತನ್ನ ಸ್ಟೇಟಸ್ ಏನಾಗಿದೆ ಅಂತ ಅವನಿಗೆ ಗೊತ್ತಿತ್ತು ಅನ್ನೋದನ್ನ ಸರ್ಕಾರ ಸಾಬೀತು ಮಾಡ್ಬೇಕು ಅಂತ 2019ರಲ್ಲಿ ಕೋರ್ಟ್ ಹೇಳಿತು. ನಮ್ಮ ಹುಡುಗರು ಲಾಸ್ ವೇಗಸ್‌ಗೆ ಹೋದಾಗ ಫೋಟೋಗೆ ಅಂತ ಗನ್ ಹಿಡಿಯೋದು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಫ್ರೆಂಡ್ ಸೋಮವಾರವೇ ಲಾಯರ್ ಹಿಡಿದ. ಲಾಯರ್ ಮೊದಲು ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿ ಮಾತಾಡಿ, ನೀನಾಗಿ ತಗೊಂಡು ಹೋಗ್ಬೇಡ ಅಂದು, ಅವರೇ ಮನೆಗೆ ಬಂದು ತಗೊಂಡು ಹೋಗೋ ಹಾಗೆ ಮಾಡಿದ್ರು. ಕೇಸ್ ಆಗಲಿಲ್ಲ. ಎಷ್ಟೋ ವಾರ ಕೂತು ಮಾಡಿದ್ದು ಹೋಯ್ತು ಅಂತ ಅವನಿಗೆ ಬೇಜಾರಿದೆ, ಅದು ನಿಜವಾದ ಬೇಜಾರು, ನಾನು ಅಲ್ಲಗಳೆಯಲ್ಲ.

ಹುಡುಗ ಈಗ್ಲೂ ನಮ್ಮ ಜೊತೆ ರೇಂಜಿಗೆ ಬರ್ತಾನೆ, ಕಿವಿಗೆ ಮಫ್ ಹಾಕ್ಕೊಂಡು ಹಳದಿ ಗೆರೆಯ ಹಿಂದಿನ ಬೆಂಚಲ್ಲಿ ಕೂತು ನೋಡ್ತಾನೆ, ಗುಂಡಿನ ಡಬ್ಬಿ ಕೂಡ ಎತ್ತಿ ಕೊಡಲ್ಲ. ಗ್ರೀನ್ ಕಾರ್ಡಿಗೆ ಅಂತ ಅವನ ಕಂಪನಿ ಹಾಕಿದ ಐ-140 ಅರ್ಜಿ ಅಪ್ರೂವ್ ಆಗಿದೆ, ಗ್ರೀನ್ ಕಾರ್ಡ್ ಡೇಟ್ ಬರೋದು ಇನ್ನೂ ದೂರ ಇದೆ.