14 ಕ್ಯಾರೆಟ್, 25 ವರ್ಷ

ಭಾನುವಾರ, 9 ನವೆಂಬರ್ 2025

ಶಿಕಾಗೋದಿಂದ ಸುಮಾ ಫೋಟೋ ಕಳಿಸಿದ್ದಳು. ಅಮೆರಿಕದ ಎಲ್ಜಿನ್ ಕಂಪನಿಯ ಜೇಬುಗಡಿಯಾರ, 16 ಸೈಜ್ (ಯಂತ್ರದ ಅಳತೆ), ಮುಚ್ಚಳ ಇರುವ ಹಂಟರ್ ಕೇಸ್. ಒಳಗೆ ‘ಜೆ. ಬಾಸ್, 14 ಕೆ, 25 ಇಯರ್ಸ್’ ಅಂತ ಮುದ್ರೆ.

“ಅಣ್ಣಾ, ಚಿನ್ನ ತಾನೇ? ಮಾರೋರು ತೂಕದ ಮೇಲೆ ರೇಟ್ ಹೇಳ್ತಿದಾರೆ.”

ಅಲ್ಲಮ್ಮ. ಇಷ್ಟು ವರ್ಷ ಅಂತ ಮುದ್ರೆ ಹೊಡೆದಿದ್ದಾರೆ ಅಂದ್ರೆ ಅದು ಪೂರ್ತಿ ಚಿನ್ನ ಅಲ್ಲ, ಗೋಲ್ಡ್ ಫಿಲ್ಡ್. ನಡುವೆ ಹಿತ್ತಾಳೆ, ಎರಡೂ ಕಡೆ ಚಿನ್ನದ ತಗಡು ಬೆಸೆದು, ರೋಲರಿಗೆ ಕೊಟ್ಟು ತೆಳ್ಳಗೆ ಮಾಡಿದ್ದು. ಫಿಲಡೆಲ್ಫಿಯಾದ ಜೇಮ್ಸ್ ಬಾಸ್ 1859ರಲ್ಲಿ ಪೇಟೆಂಟ್ ಮಾಡಿಸಿದ ವಿಧಾನ. 14 ಅನ್ನೋದು ಮೇಲಿನ ಪದರದ ಕ್ಯಾರೆಟ್ಟು. 25 ಅನ್ನೋದು ಆ ಪದರ ಸವೆಯದೆ ಉಳಿಯುತ್ತೆ ಅಂತ ಕಂಪನಿ ಕೊಟ್ಟ ಭರವಸೆ. ಒರೆಗಲ್ಲಿಗೆ ಹಗುರವಾಗಿ ತೀಡಿದ್ರೆ ಒರೆ ಚಿನ್ನದ್ದೇ ಬರುತ್ತೆ, ಮೋಸ ಆಗೋದೇ ಅಲ್ಲಿ. ಲೂಪ್ (ಭೂತಗನ್ನಡಿ) ಹಿಡಿದು ಸರಪಳಿ ಸಿಕ್ಕಿಸೋ ಬಳೆಯ ಒಳಮೈ, ಕೀಲಿನ ಗೆಣ್ಣು, ಮುಚ್ಚಳದ ಅಂಚು ನೋಡು. ಸವೆತ ಶುರುವಾಗೋದು ಅಲ್ಲೇ. ಹಿತ್ತಾಳೆ ಇದ್ರೆ ಬಣ್ಣ ಬೇರೆ ಕಾಣುತ್ತೆ. ಇನ್ನು ತೂಕದ ಮಾತು: ಯಂತ್ರ, ಗಾಜು ಎಲ್ಲ ಸೇರಿಸಿ ತೂಗಿ ಚಿನ್ನದ ರೇಟ್ ಹಾಕಿದ್ರೆ ಅದು ವ್ಯಾಪಾರವೇ ಅಲ್ಲ.

ಕೇಸಿನ ನಂಬರ್ ಹಿಡ್ಕೊಂಡು ಇಸವಿ ಹುಡುಕ್ತಿದ್ದಳು. ಅದರಿಂದ ಏನೂ ಸಿಗಲ್ಲ. ಆಗ ಅಂಗಡಿಯಲ್ಲಿ ಗಿರಾಕಿ ಯಂತ್ರ ಬೇರೆ, ಕೇಸ್ ಬೇರೆ ಆರಿಸಿಕೊಳ್ಳೋದು ರೂಢಿ. ಇಸವಿ ಹೇಳೋದು ಯಂತ್ರದ ಪ್ಲೇಟಿನ ಮೇಲಿರುವ ನಂಬರ್. ಯಂತ್ರ ಬದಲಾಗಿದೆಯಾ ಅಂತ ತಿಳೀಬೇಕಾದ್ರೆ ಕೇಸಿನ ಒಳ ಅಂಚು ನೋಡಬೇಕು. ಯಂತ್ರ ಬಿಗಿದಿರುವ ಸ್ಕ್ರೂಗಳ ತಲೆ ಅಲ್ಲಿ ಒತ್ತಿ ಗುರುತು ಬಿಟ್ಟಿರುತ್ತೆ. ಸ್ಕ್ರೂ ಇಲ್ಲದ ಕಡೆಯೂ ಗುರುತಿದ್ರೆ ಮೊದಲು ಇನ್ನೊಂದು ಯಂತ್ರ ಕೂತಿತ್ತು ಅಂತಲೇ ಅರ್ಥ. ಮುಚ್ಚಳ ಇಲ್ಲದ ಕೇಸಿನಲ್ಲಿ ಕೀ ಕೊಡೋ ತಿರುಪು 3ರ ಪಕ್ಕಕ್ಕಿದ್ರೆ ಇನ್ನೂ ಸುಲಭ: ಸಾಮಾನ್ಯವಾಗಿ ಹಂಟರಿನ ಯಂತ್ರ ತಂದು ಕೂರಿಸಿದ್ದು.

ನಿಜವಾದ 14 ಕ್ಯಾರೆಟ್ ಕೇಸುಗಳು ಎಷ್ಟೋ ಕರಗಿಹೋದವು. ರೇಟ್ ಏರಿದಾಗಲೆಲ್ಲ ಕೇಸ್ ಕುಲುಮೆಗೆ, ಯಂತ್ರ ಡಬ್ಬಿಗೆ. ಕೈಯಿಂದ ಕೆತ್ತಿದ ಹೂಬಳ್ಳಿ, ಹೆಸರಿನ ಅಕ್ಷರ ಎಲ್ಲ ಕರಗಿ ಬರೀ ಚಿನ್ನದ ಗಟ್ಟಿಯಾಗಿ ಬಿಡುತ್ತೆ. ನೆನೆದ್ರೆ ಸಂಕಟ ಆಗುತ್ತೆ.

“ಕೀ ಕೊಟ್ಟು ನೋಡ್ಲಾ?”

ಬೇಡ. ಎಣ್ಣೆ ಒಣಗಿದ್ರೆ ಓಡಿದಷ್ಟೂ ಪಿವಟ್ (ಚಕ್ರದ ಅಚ್ಚಿನ ತುದಿ) ಸವೆಯುತ್ತೆ. ಮೊದಲು ಬಿಚ್ಚಿ ತೊಳೆಸಬೇಕು. ಮುಚ್ಚಳವನ್ನೂ ಟಪ್ ಅಂತ ಮುಚ್ಚಬಾರದು, ತಿರುಪು ಒತ್ತಿ ಹಿಡಿದು ಮುಚ್ಚಿ ಆಮೇಲೆ ಬಿಡಬೇಕು. ಇಲ್ಲದಿದ್ರೆ ಕೊಂಡಿ ಕೂರುವ ಅಂಚು ಸವೆದು ಮುಚ್ಚಳ ನಿಲ್ಲೋದೇ ಇಲ್ಲ.

ಪ್ಲೇಟಿನ ಫೋಟೋ ಇನ್ನೂ ಬಂದಿಲ್ಲ. ಯಂತ್ರ 15 ಕಲ್ಲಿನದೋ (ಪಿವಟ್ ಕೂರೋ ಜ್ಯುವೆಲ್) 17ರದೋ ಗೊತ್ತಾದ್ರೆ ಬೆಲೆ ಹೇಳಬಹುದು.