ಮೇಲೆ ಒಂದು ಗೀರೂ ಇಲ್ಲ
ಇವತ್ತು ಬೌಲಿಂಗ್ ಲೇನಿನ ಪಿನ್‌ಸೆಟ್ಟರ್ (ಪಿನ್ನುಗಳನ್ನ ಸಾಲಾಗಿ ನಿಲ್ಲಿಸೋ ಮೆಷಿನ್) ಮತ್ತೆ ಅರ್ಧಕ್ಕೇ ನಿಂತಿತು. 10 ಪಿನ್ನೂ ಮೇಲೇ, ಕೆಳಗಿಳಿಯಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗೇ ಓಡುತ್ತೆ.

ಫ್ಯೂಸ್ ಸರಿ, ಮೋಟರ್ ಸರಿ. ಮೇನ್ ಆಫ್ ಮಾಡಿ, ಬೀಗ ಹಾಕಿ, ಮಲ್ಟಿಮೀಟರ್ ಹಿಡಿದೆ. ಸ್ವಿಚ್ಚಿಗೆ ಹೋಗೋ ವೈರು ಬೀಪ್ ಅಂತು, ಅಂದ್ರೆ ಎಲ್ಲೂ ಕಡಿದಿಲ್ಲ ಅಂತ. ಆದ್ರೆ ಮೆಷಿನ್ ಓಡುವಾಗ ಆ ವೈರು ಸುಮ್ನೆ ಇರಲ್ಲವಲ್ಲ, ಪ್ರತಿ ಸಲವೂ ಬಾಗಿ ಏಳುತ್ತೆ. ಆ ಬಾಗೋ ಜಾಗದಲ್ಲಿ ಬೆರಳಿಂದ ಮೆಲ್ಲಗೆ ಮಡಚಿದೆ. ಬೀಪ್ ನಿಂತಿತು. ಬಿಟ್ಟೆ, ಮತ್ತೆ ಬೀಪ್.

ಸಿಪ್ಪೆ ಸುಲಿದರೆ ತಾಮ್ರದ ಎಳೆಗಳೆಲ್ಲ ತುಂಡಾಗಿ, ತುದಿಗೆ ತುದಿ ತಾಗಿಕೊಂಡು ನಿಂತಿದ್ದವು.

ಇಷ್ಟಕ್ಕೆಲ್ಲ ಇಡೀ ಸರ್ಕ್ಯೂಟ್ ಬೋರ್ಡನ್ನೇ ಬದಲಾಯಿಸಿಬಿಡ್ತಾರೆ, ನಿಜಕ್ಕೂ ಹೊಟ್ಟೆ ಉರಿಯುತ್ತೆ.

ನಾನು ಜಾಯಿಂಟ್ ಹಾಕಲಿಲ್ಲ, ಉದ್ದಕ್ಕೂ ಹೊಸ ವೈರೇ ಎಳೆದೆ. ಬಾಗೋ ಕಡೆ ಜಾಯಿಂಟ್ ಇದ್ರೆ ಮತ್ತೆ ಅಲ್ಲೇ ಮುರಿಯುತ್ತೆ.